ತೋಟ ಈಗಲೇ ಮಗನ ಹೆಸರಿಗೆ ಮಾಡಿಕೊಡಲಾ?

ಪ್ರಶ್ನೆ: ನನಗೆ 72 ವರ್ಷ, ನನ್ನ ಮನೆಯವರಿಗೆ 66. ಸೇನೆಯಿಂದ ನಿವೃತ್ತನಾಗಿ ಊರಿಗೆ ಬಂದು ಕೊಡಗಿನ ನಾಪೋಕ್ಲು ಕಡೆ ಕಾಫಿ ತೋಟ ಮಾಡಿಕೊಂಡಿದ್ದೇನೆ. ಒಟ್ಟು 14 ಎಕರೆ. ಅದರಲ್ಲಿ 6 ಎಕರೆ ನಮ್ಮ ಒಕ್ಕದ (ಕೊಡವ ಮನೆತನದ) ಜಮ್ಮಾ ಬಾಣೆ, ಅಂದರೆ ತಲೆತಲಾಂತರದಿಂದ ಮನೆತನಕ್ಕೆ ಬಂದ ಜಾಗ, ನನ್ನ ಪಾಲು ಅಂತ ನಾನು ಅನುಭವಿಸುತ್ತಿರುವುದು. ಉಳಿದ 8 ಎಕರೆ 1996ರಲ್ಲಿ ನನ್ನ ದುಡ್ಡಿನಲ್ಲಿ ಕೊಂಡದ್ದು. ಒಂದು ಸರ್ವೆ ನಂಬರಿನಲ್ಲಿ 5 ಎಕರೆ, ಇನ್ನೊಂದರಲ್ಲಿ 3. ನಮ್ಮ ಮನೆ ಆ 3 ಎಕರೆಯಲ್ಲಿದೆ. ದೊಡ್ಡ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮಗಳು ಮದುವೆಯಾಗಿ ಮೈಸೂರಿನಲ್ಲಿದ್ದಾಳೆ. ಚಿಕ್ಕ ಮಗ 13 ವರ್ಷದಿಂದ ನಮ್ಮ ಜೊತೆಗಿದ್ದು ತೋಟ ನೋಡಿಕೊಳ್ಳುತ್ತಿದ್ದಾನೆ. ಕೆರೆ ಮಾಡಿಸಿ ಸ್ಪ್ರಿಂಕ್ಲರ್ ಹಾಕಲು ಅವನಿಗೆ ಬ್ಯಾಂಕ್ ಸಾಲ ಬೇಕು. ತೋಟ ತನ್ನ ಹೆಸರಿಗಾದರೆ ಸುಲಭ ಎನ್ನುತ್ತಾನೆ. ನೆಂಟರೂ 'ಬದುಕಿರುವಾಗಲೇ ಕೊಟ್ಟುಬಿಡಿ, ಇಲ್ಲಾಂದ್ರೆ ಆಮೇಲೆ ಮಕ್ಕಳು ಕೋರ್ಟಿಗೆ ಹೋಗ್ತಾರೆ' ಎನ್ನುತ್ತಾರೆ. ದಾನಪತ್ರ ಮಾಡಲಾ, ವಿಲ್ ಬರೆಯಲಾ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮಕ್ಕಳ ಬಗ್ಗೆ ಎಲ್ಲ ಬರೆದಿದ್ದೀರಿ. ನಿಮ್ಮ ಮನೆಯವರ ಬಗ್ಗೆ ಬರೆದದ್ದು ಅವರ ವಯಸ್ಸು ಮಾತ್ರ. ಹಾಗಾಗಿ ನಾನು ಅವರಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷದ ಹಿಂದೆ, ಕಕ್ಕಡ ತಿಂಗಳ (ಜುಲೈ, ಆಗಸ್ಟಿನ) ಮಳೆಯಲ್ಲಿ, ಒಬ್ಬ ತಾಯಿ ಮಡಿಕೇರಿಯ ನನ್ನ ವಕೀಲಿ ಆಫೀಸಿಗೆ ಬಂದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ದಾನಪತ್ರ ಮೇಜಿನ ಮೇಲೆ ಇಟ್ಟರು. ಅವರ ಯಜಮಾನರು ತಾವು ಸಂಪಾದಿಸಿದ 11 ಎಕರೆ ತೋಟ, ಮನೆ, ಕಣ ಎಲ್ಲವನ್ನೂ ಒಬ್ಬನೇ ಮಗನಿಗೆ 'ಪ್ರೀತಿ ವಾತ್ಸಲ್ಯದಿಂದ' ಬರೆದುಕೊಟ್ಟಿದ್ದರು. ಎರಡು ಪುಟದ ಪತ್ರ. ಅದರಲ್ಲಿ ಹೆಂಡತಿಯ ಹೆಸರು ಎಲ್ಲೂ ಇರಲಿಲ್ಲ. ಪತ್ರ ಮಾಡಿ 14 ತಿಂಗಳಿಗೆ ಯಜಮಾನರು ತೀರಿಕೊಂಡರು. ಮಗ ತೋಟ ಮಾರಲು ಗಿರಾಕಿ ನೋಡುತ್ತಿದ್ದ. ಆ ತಾಯಿ ಕೇಳಿದ್ದು ಒಂದೇ ಮಾತು: 'ನನಗೆ ಅದರಲ್ಲಿ ಏನೂ ಇಲ್ವಾ?'

ಏನೂ ಇರಲಿಲ್ಲ. ಯಜಮಾನರು ತೀರಿಕೊಂಡ ದಿನ ಅವರ ಹೆಸರಿನಲ್ಲಿ ಆಸ್ತಿಯೇ ಇರಲಿಲ್ಲವಲ್ಲ, ಹೆಂಡತಿಗೆ ಬರುವುದೆಲ್ಲಿಂದ? ನನ್ನ ಮನಸ್ಸಿಗೆ ಇವತ್ತಿಗೂ ಚುಚ್ಚುವುದು ಬೇರೆ ವಿಷಯ. ಅವರು ಯಾವ ಪತ್ರವನ್ನೂ ಮಾಡದೆ ಹೋಗಿದ್ದರೆ ಕಾನೂನಿನ ಪ್ರಕಾರ ಆ ತೋಟದಲ್ಲಿ ಹೆಂಡತಿಗೆ ಅರ್ಧ, ಮಗನಿಗೆ ಅರ್ಧ ಬರುತ್ತಿತ್ತು. ಒಳ್ಳೆಯದಾಗಲಿ ಅಂತ ಮಾಡಿದ ಪತ್ರವೇ ಅವರ ಕೈಯಿಂದ ಅರ್ಧ ತೋಟ ಕಿತ್ತುಕೊಂಡಿತು. ಕೊನೆಗೆ ನಾವು ಕೇಳಲು ಆದದ್ದು ಜೀವನಾಂಶ ಮಾತ್ರ. ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅದಕ್ಕೆ ಇಟ್ಟಿರುವ ಮಿತಿ ತಿಂಗಳಿಗೆ 10,000 ರೂಪಾಯಿ.

ನಿಮ್ಮ ಮಗ ಹಾಗಲ್ಲ ಅಂತ ನೀವು ಹೇಳುತ್ತೀರಿ. ನಂಬುತ್ತೇನೆ. ಆ ತಾಯಿಯ ಮಗನೂ ಕೆಟ್ಟವನಲ್ಲ. ಸಾಲದಲ್ಲಿ ಮುಳುಗಿದ್ದ, ಅಷ್ಟೆ. ಪತ್ರ ಬರೆಯುವಾಗ ಮಗನ ಗುಣದ ಜೊತೆಗೆ ಮಗನಿಗೆ ಬರಬಹುದಾದ ಕಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಾನ ಕೊಟ್ಟ ಮೇಲೆ ಅವನ ಸಾಲಗಾರರು ಬರುವುದು ಅದೇ ತೋಟಕ್ಕೆ.

ಇನ್ನೊಂದು ಮಾತು. ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯುತ್ತೇನೆ. ಮಗ ಅಪ್ಪನಿಗಿಂತ ಮೊದಲು ಹೋಗುವುದೂ ಉಂಟು. ಹಾಗಾದಾಗ ದಾನವಾಗಿ ಹೋದ ತೋಟ ಅಪ್ಪನಿಗೆ ವಾಪಸ್ ಬರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಿಲ್ ಇಲ್ಲದೆ ತೀರಿಕೊಂಡ ಗಂಡಸಿನ ಮೊದಲ ದರ್ಜೆಯ ವಾರಸುದಾರರ ಪಟ್ಟಿಯಲ್ಲಿ ಹೆಂಡತಿ, ಮಕ್ಕಳು, ತಾಯಿ ಇದ್ದಾರೆ. ತಂದೆ ಇಲ್ಲ. ಅಂದರೆ ನಿಮ್ಮ ಬೆವರಿನ ತೋಟದಲ್ಲಿ ನಿಮಗೆ ಒಂದು ಸೆಂಟೂ ಉಳಿಯದೆ ಹೋಗಬಹುದು. ಇದನ್ನು ಹೇಳಿದಾಗ ಎಷ್ಟೋ ಜನ ನನ್ನ ಮುಖ ನೋಡುತ್ತಾರೆ. ಯಾರೂ ಅವರಿಗೆ ಇದನ್ನು ಹೇಳಿರುವುದಿಲ್ಲ.

ಹಾಗಾದರೆ ಮಗನಿಗೆ ಏನೂ ಕೊಡಬೇಡಿ ಅನ್ನುತ್ತಿದ್ದೇನಾ? ಇಲ್ಲ. ಅದಕ್ಕೆ ಬರುತ್ತೇನೆ. ಮೊದಲು ನಿಮ್ಮ ಕೈಯಲ್ಲಿ ಕೊಡಲು ಏನಿದೆ ಅಂತ ನೋಡೋಣ.

14 ಎಕರೆ ಅಂತ ಬರೆದಿದ್ದೀರಿ. ದಾನದ ಮಟ್ಟಿಗೆ ಅದನ್ನು 8 ಎಕರೆ ಅಂತಲೇ ತಿಳಿದುಕೊಳ್ಳಿ. ಜಮ್ಮಾ ಬಾಣೆಯ 6 ಎಕರೆ ನೀವು ಅನುಭವಿಸುತ್ತಿರುವುದು ನಿಜ. ನಿಮ್ಮ ಅಪ್ಪ ಅಲ್ಲಿ ಗಿಡ ನೆಟ್ಟಿರಬಹುದು, ನೀವು ಬೇಲಿ ಹಾಕಿರಬಹುದು. ಆದರೆ ಪಹಣಿ ತೆಗೆದು ನೋಡಿ. ಒಕ್ಕದ ಯಜಮಾನರಾದ ಪಟ್ಟೆದಾರರ ಹೆಸರು ಇರುತ್ತದೆ, ಜೊತೆಗೆ ಒಕ್ಕದ ಹತ್ತಾರು ಜನರ ಹೆಸರು ಇರುತ್ತದೆ. ಅದರಲ್ಲಿ ತೀರಿಹೋದವರೂ ಇರುತ್ತಾರೆ, ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗಿರುವುದಿಲ್ಲ. ಬಾಣೆ ಮೊದಲಿಗೆ ಗದ್ದೆಯ ಜೊತೆ ಬಂದ ಜಾಗ. ಸೊಪ್ಪಿಗೆ, ಸೌದೆಗೆ, ದನ ಮೇಯಿಸಲಿಕ್ಕೆ ಬಿಟ್ಟದ್ದು. ಆಮೇಲೆ ಕಾಫಿ ಬಂತು, ಒಕ್ಕದವರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡರು, ಅವರವರ ಪಾಲಿನಲ್ಲಿ ಅವರವರು ದುಡಿದರು. ಮನೆಯೊಳಗೆ ಇದು ಸರಿಯಾಗಿ ನಡೆದುಕೊಂಡು ಬಂದಿದೆ. ಕಾಗದದಲ್ಲಿ ಮಾತ್ರ ಜಾಗ ಇನ್ನೂ ಒಟ್ಟಿಗೇ ಇದೆ.

ಇಂಥ ಜಾಗದಲ್ಲಿ 'ನನ್ನ ಪಾಲು' ಅಂತ ದಾನಪತ್ರ ಮಾಡಿದರೆ ಅದು ನಿಲ್ಲುವುದು ಕಷ್ಟ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಒಬ್ಬರು ತಮ್ಮ ಬೇರ್ಪಡದ ಪಾಲನ್ನು ಉಳಿದವರ ಒಪ್ಪಿಗೆ ಇಲ್ಲದೆ ದಾನ ಮಾಡುವಂತಿಲ್ಲ. ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಹೇಳಿತು. ಕುಟುಂಬದ ಯಜಮಾನ ಪುಣ್ಯಕಾರ್ಯಕ್ಕೆ ಸ್ವಲ್ಪ ಕೊಡಬಹುದು, ಆದರೆ ಪ್ರೀತಿಯಿಂದ ಕೊಟ್ಟದ್ದು ಪುಣ್ಯಕಾರ್ಯದ ಲೆಕ್ಕಕ್ಕೆ ಬರುವುದಿಲ್ಲ ಅಂದಿತು. ಅದೂ ಅಲ್ಲದೆ ನಿಮ್ಮ ಗಂಡುಮಕ್ಕಳಿಬ್ಬರೂ ಹುಟ್ಟಿನಿಂದಲೇ ಒಕ್ಕದವರು. ಅವರಿಗೆ ಇರುವುದನ್ನೇ ನೀವು ಅವರಿಗೆ ದಾನ ಕೊಡುವುದು ಹೇಗೆ? ಮಗಳ ಹಕ್ಕಿನ ಪ್ರಶ್ನೆಯೂ ಇಲ್ಲಿ ಬರುತ್ತದೆ. ಒಕ್ಕದ ಪದ್ಧತಿ ಒಂದು ಹೇಳುತ್ತದೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಾನ ಹಕ್ಕು ಎನ್ನುತ್ತದೆ. ಇವೆರಡೂ ತಾಕುವ ಜಾಗ ಇದು. ಸುಮ್ನೆ ಈಗ ಅದನ್ನು ಕೆದಕಬೇಡಿ. ಒಕ್ಕದಲ್ಲಿ ಎಲ್ಲರೂ ಒಪ್ಪಿ ದಾಖಲೆ ಸರಿಮಾಡಿಸಿಕೊಳ್ಳುವ ಕೆಲಸ ಬೇರೆ, ನಿಮ್ಮ ಮನೆಯ ಈ ಕೆಲಸ ಬೇರೆ. ಎರಡನ್ನೂ ಒಟ್ಟಿಗೆ ಗಂಟು ಹಾಕಿದರೆ ಎರಡೂ ನಿಂತುಹೋಗುತ್ತವೆ.

ಕೊಂಡ 8 ಎಕರೆಯ ವಿಷಯ ಸರಳ. ನಿಮ್ಮ ದುಡ್ಡು, ನಿಮ್ಮ ಹೆಸರಿನ ಕ್ರಯಪತ್ರ. ಯಾರಿಗೆ ಬೇಕಾದರೂ, ಎಷ್ಟು ಬೇಕಾದರೂ ಕೊಡಬಹುದು. ಯಾರ ಒಪ್ಪಿಗೆಯೂ ಬೇಡ. ಕೊಂಡಾಗ ಒಕ್ಕದ ದುಡ್ಡು ಸೇರಿರಲಿಲ್ಲ ಎನ್ನುವುದಕ್ಕೆ ಆಗಿನ ಪಾಸ್‌ಬುಕ್, ನಿವೃತ್ತಿಯಲ್ಲಿ ಬಂದ ಹಣದ ಕಾಗದ ಏನಾದರೂ ಇದ್ದರೆ ಜೋಪಾನವಾಗಿಡಿ.

ಈಗ ಚಿಕ್ಕ ಮಗನ ಮಾತು. ಇಲ್ಲಿ ನಾನು ಅವನ ಪರ. 13 ವರ್ಷ ತೋಟದಲ್ಲಿ ದುಡಿದವನ ಹೆಸರಿನಲ್ಲಿ ಒಂದು ಎಕರೆಯೂ ಇಲ್ಲ. ಕೊಡಗಿನಲ್ಲಿ ಇಂಥ ಮನೆಗಳನ್ನು ತುಂಬ ನೋಡಿದ್ದೇನೆ. ಅಪ್ಪನಿಗೆ 85, ಮಗನಿಗೆ 58. ಗೊಬ್ಬರಕ್ಕೆ, ಕೊಯ್ಲಿನ ಕೂಲಿಗೆ, ತನ್ನ ಮಗಳ ಕಾಲೇಜು ಫೀಸಿಗೆ ಆ ವಯಸ್ಸಿನಲ್ಲೂ ಅಪ್ಪನ ಚೆಕ್ ಬುಕ್ಕಿಗೆ ಕಾಯಬೇಕು. ಬೆಂಗಳೂರಿನ ಅಣ್ಣನಿಗೆ ಸಂಬಳ ಇದೆ, ಪಿಎಫ್ ಇದೆ, ಫ್ಲಾಟ್ ಇದೆ. ತಮ್ಮನಿಗೆ ಇರುವುದು 'ಮುಂದೆ ನಿನಗೇ ಬರುತ್ತೆ' ಎನ್ನುವ ಮಾತು. ಆ ಮಾತಿನ ಮೇಲೆ ಅವನು ತನ್ನ ಜೀವನ ಕಟ್ಟಿಕೊಂಡಿದ್ದಾನೆ. ನಾಳೆ ನೀವು ವಿಲ್ ಬರೆಯದೆ ಹೋದರೆ ನಿಮ್ಮ 8 ಎಕರೆಯಲ್ಲಿ ಹೆಂಡತಿಗೆ, ಮೂರು ಮಕ್ಕಳಿಗೆ ತಲಾ ಕಾಲು ಭಾಗ. ದುಡಿದವನಿಗೂ ಎರಡೇ ಎಕರೆ. ಅದು ಸಮಾನ ಆಯಿತು, ಆದರೆ ನ್ಯಾಯ ಆಯಿತಾ?

ಅವನು ಕೇಳುತ್ತಿರುವ ಕೆರೆ, ಸ್ಪ್ರಿಂಕ್ಲರ್ ಕೂಡ ಸುಮ್ಮನೆ ಕೇಳುವುದಲ್ಲ. ರೊಬಸ್ಟಾ ಕಾಫಿಗೆ ಫೆಬ್ರವರಿ, ಮಾರ್ಚಿನಲ್ಲಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬರದಿದ್ದರೆ ಆ ವರ್ಷದ ಫಸಲೇ ಹೋಯಿತು. ಹೂಮಳೆ ಆದ ಮೇಲೆ ಇನ್ನೊಂದು ಮಳೆ ಬೇಕು. ನೀರು ಇದ್ದವರು ಉಳಿಯುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ. ಅವನು ಯೋಚಿಸುತ್ತಿರುವುದು ಮುಂದಿನ 20 ವರ್ಷಕ್ಕೆ. ಅಂಥ ಮಗನಿಗೆ ನೆಲದ ಮೇಲೆ ಕಾಲೂರಲು ಜಾಗ ಕೊಡಬೇಕು.

ಹಾಗಾಗಿ ನನ್ನ ಸಲಹೆ ಇದು. 5 ಎಕರೆಯ ಸರ್ವೆ ನಂಬರನ್ನು ಚಿಕ್ಕ ಮಗನಿಗೆ ಈಗಲೇ ದಾನಪತ್ರ ಮಾಡಿ, ಷರತ್ತು ಹಾಕಿ. ಮನೆ ಇರುವ 3 ಎಕರೆಯನ್ನು ಯಾವ ಕಾರಣಕ್ಕೂ ಈಗ ಯಾರಿಗೂ ಕೊಡಬೇಡಿ. ಅದಕ್ಕೂ ನಿಮ್ಮ ಹಣಕ್ಕೂ ವಿಲ್ ಬರೆಯಿರಿ. ಜಮ್ಮಾ ಜಾಗ ಇದ್ದ ಹಾಗೇ ಇರಲಿ.

5 ಎಕರೆಯೇ ಯಾಕೆ? ಅದು ಪೂರ್ತಿ ಒಂದು ಸರ್ವೆ ನಂಬರು. ಒಂದು ನಂಬರಿನಲ್ಲಿ ಸ್ವಲ್ಪ ಭಾಗ ಮಾತ್ರ ಕೊಡುವುದಾದರೆ ನೋಂದಣಿಗೆ ಮೊದಲು 11ಇ ನಕ್ಷೆ (ಕೊಡುವ ಭಾಗವನ್ನು ತೋರಿಸುವ ಸರ್ವೆ ನಕ್ಷೆ) ಆಗಬೇಕು, ಸರ್ವೆಯವರು ಬರಬೇಕು, ಅಳೆಯಬೇಕು. ಕೊಡಗಿನ ಇಳಿಜಾರಿನಲ್ಲಿ, ಮಳೆಗಾಲದಲ್ಲಿ, ಅದಕ್ಕೆ ಎಷ್ಟು ಸಮಯ ಹಿಡಿಯುತ್ತದೆ ಅಂತ ನಿಮಗೇ ಗೊತ್ತು. ನಿಮ್ಮ ಪುಣ್ಯ, ಆ ತಾಪತ್ರಯ ಇಲ್ಲ.

3 ಎಕರೆ ಯಾಕೆ ಇಟ್ಟುಕೊಳ್ಳಬೇಕು? ನಿಮಗೆ ಪಿಂಚಣಿ ಇದೆ, ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇದೆ. ಎಷ್ಟೋ ಬೆಳೆಗಾರರಿಗಿಂತ ನಿಮ್ಮ ಸ್ಥಿತಿ ಭದ್ರ. ಆದರೆ ನಿಮ್ಮ ನಂತರ ನಿಮ್ಮ ಮನೆಯವರಿಗೆ ಬರುವ ಕುಟುಂಬ ಪಿಂಚಣಿ ಇದಕ್ಕಿಂತ ಕಡಿಮೆ. ಅವರು ನಿಮಗಿಂತ 6 ವರ್ಷ ಚಿಕ್ಕವರು. 15, 20 ವರ್ಷ ಒಬ್ಬರೇ ಇರಬೇಕಾಗಿ ಬರಬಹುದು. ದೊಡ್ಡ ಕಾಯಿಲೆ ಬಂದರೆ ನಮ್ಮವರು ಈಗಲೂ ಮೈಸೂರಿಗೋ ಮಂಗಳೂರಿಗೋ ಓಡಬೇಕು. ಆಂಬುಲೆನ್ಸ್, ಅಲ್ಲಿ ಉಳಿಯುವುದು, ಜೊತೆಗೊಬ್ಬರು ಇರುವುದು, ಇದಕ್ಕೆಲ್ಲ ಕೈಯಲ್ಲಿ ಹಣ ಬೇಕು. ಮನೆ ಅವರದೇ ಆಗಿದ್ದು, ಸುತ್ತ 3 ಎಕರೆಯ ಕಾಫಿ, ಮರಗಳ ಮೇಲಿನ ಕರಿಮೆಣಸು ಅವರ ಕೈಯಲ್ಲಿದ್ದರೆ ಅವರು ಯಾರ ಮುಂದೆಯೂ ಕೈ ಚಾಚಬೇಕಿಲ್ಲ.

ಲೆಕ್ಕ ಹಾಕುವಾಗ ಈಚಿನ ಕಾಫಿ ಬೆಲೆ ಇಟ್ಟುಕೊಂಡು ಹಾಕಬೇಡಿ, ದಯವಿಟ್ಟು. 2025ರ ಆರಂಭದಲ್ಲಿ ಬೆಲೆ ದಾಖಲೆ ಮಟ್ಟಕ್ಕೆ ಹೋಯಿತು, ನಿಜ. ಕೂಲಿ ಕೊಟ್ಟು ಕೈಯಲ್ಲಿ ಏನೂ ಉಳಿಯದ ವರ್ಷಗಳನ್ನೂ ನೀವು ನೋಡಿದ್ದೀರಿ. 2018ರ ಆಗಸ್ಟ್ ಮಳೆಯಲ್ಲಿ ಗುಡ್ಡ ಜಾರಿ ತೋಟಕ್ಕೆ ತೋಟವೇ ಹೋದವರು ನಮ್ಮ ನಡುವೆ ಇದ್ದಾರೆ. ಕೆಟ್ಟ ವರ್ಷದಲ್ಲಿ ಆ 3 ಎಕರೆ ಏನು ಕೊಟ್ಟಿತ್ತು, ಅದನ್ನು ಬರೆದುಕೊಳ್ಳಿ. ಅದರ ಜೊತೆ ಕುಟುಂಬ ಪಿಂಚಣಿ ಸೇರಿಸಿ. ಅದರಲ್ಲಿ ಒಬ್ಬ ಹೆಂಗಸು ಗೌರವದಿಂದ ಬದುಕಬಹುದಾ ನೋಡಿ. ಸಾಲದು ಅನಿಸಿದರೆ 5 ಎಕರೆಯಲ್ಲೂ ಅವರಿಗೆ ಸ್ವಲ್ಪ ಪಾಲಿನ ಆದಾಯ ಬರುವಂತೆ ಬರೆಯಬೇಕಾಗುತ್ತದೆ.

ಇನ್ನು ಷರತ್ತಿನ ವಿಷಯ. ಇಡೀ ಪತ್ರದಲ್ಲಿ ಇದೇ ಮುಖ್ಯ, ಸ್ವಲ್ಪ ನಿಧಾನವಾಗಿ ಓದಿ.

ದಾನ ಒಮ್ಮೆ ಕೊಟ್ಟರೆ ಕೊಟ್ಟ ಹಾಗೇ. 'ನನಗೆ ಬೇಕು ಅನಿಸಿದಾಗ ವಾಪಸ್ ತೆಗೆದುಕೊಳ್ಳುತ್ತೇನೆ' ಅಂತ ಬರೆದರೆ ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಆ ದಾನವೇ ಊರ್ಜಿತವಲ್ಲ. ಮಗನ ಜೊತೆ ಜಗಳವಾಯಿತು ಅಂತ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೀವೊಬ್ಬರೇ ರದ್ದುಪತ್ರ ಬರೆದರೆ ಅದಕ್ಕೂ ಬೆಲೆ ಇಲ್ಲ.

ನಿಮ್ಮಂಥವರಿಗೆ ಇರುವ ದಾರಿ 2007ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 23ನೇ ಸೆಕ್ಷನ್. 60 ದಾಟಿದವರು 'ನನ್ನ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕು' ಎನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದೆ ಹೋದರೆ ಆ ದಾನವನ್ನು ಮೋಸದಿಂದ ಪಡೆದದ್ದು ಅಂತ ಪರಿಗಣಿಸಿ ರದ್ದು ಮಾಡಿಸಬಹುದು. ಇದಕ್ಕೆ ವರ್ಷಗಟ್ಟಲೆ ಸಿವಿಲ್ ಕೋರ್ಟ್ ಅಲೆಯಬೇಕಿಲ್ಲ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬೇಕು, ಅವರೇ ನ್ಯಾಯಮಂಡಳಿ. ಅಲ್ಲಿ ಸರಿಯಾಗದಿದ್ದರೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ.

ಆದರೆ ಷರತ್ತು ಇರಬೇಕು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಷರತ್ತು ಇತ್ತು ಅಂತ ತೋರಿಸಲಾಗದಿದ್ದರೆ 23ನೇ ಸೆಕ್ಷನ್ ಉಪಯೋಗಕ್ಕೆ ಬರುವುದಿಲ್ಲ. 2025ರ ಜನವರಿಯಲ್ಲಿ ಇನ್ನೊಂದು ತೀರ್ಪು ಬಂತು. ಮಧ್ಯಪ್ರದೇಶದ ಒಬ್ಬ ತಾಯಿ ಮಗನಿಗೆ ದಾನ ಕೊಟ್ಟಿದ್ದರು, ಮಗ ಅದೇ ದಿನ ಕೊನೆಯವರೆಗೆ ನೋಡಿಕೊಳ್ಳುತ್ತೇನೆ ಅಂತ ಬರೆದುಕೊಟ್ಟಿದ್ದ. ನೋಡಿಕೊಳ್ಳಲಿಲ್ಲ. ಕೋರ್ಟ್ ದಾನ ರದ್ದು ಮಾಡಿ ಆಸ್ತಿಯ ಸ್ವಾಧೀನವನ್ನೂ ತಾಯಿಗೆ ವಾಪಸ್ ಕೊಡಿಸಿತು. ಎರಡನ್ನೂ ಸೇರಿಸಿ ನೋಡಿದರೆ ನೀವು ಮಾಡಬೇಕಾದ್ದು ಗೊತ್ತಾಗುತ್ತದೆ. 'ಪ್ರೀತಿ ವಾತ್ಸಲ್ಯದಿಂದ' ಅಂತ ಮಾತ್ರ ಬರೆಸಿ ಮುಗಿಸಬೇಡಿ. ನಾನು ಹೆಚ್ಚು ಕಡಿಮೆ ಹೀಗೆ ಬರೆಯುತ್ತೇನೆ:

'ದಾನ ಪಡೆಯುವವರು ದಾನ ಕೊಡುವವರಿಗೂ ಅವರ ಪತ್ನಿಗೂ ಅವರವರ ಜೀವಮಾನ ಪೂರ್ತಿ ಊಟ, ಬಟ್ಟೆ, ವಾಸ, ಔಷಧೋಪಚಾರ ಮತ್ತು ಆರೈಕೆಯನ್ನು ಒದಗಿಸತಕ್ಕದ್ದು. ಈ ಷರತ್ತಿನ ಮೇಲೆಯೇ ಈ ದಾನವನ್ನು ಮಾಡಲಾಗಿದೆ. ಇದಕ್ಕೆ ತಪ್ಪಿದಲ್ಲಿ 2007ರ ಕಾಯ್ದೆಯ 23ನೇ ಸೆಕ್ಷನ್ ಅಡಿಯಲ್ಲಿ ಈ ದಾನವನ್ನು ರದ್ದುಗೊಳಿಸಲು ದಾನ ಕೊಡುವವರು ಹಕ್ಕುಳ್ಳವರಾಗಿರುತ್ತಾರೆ.'

ಇಲ್ಲೊಂದು ಸೂಕ್ಷ್ಮ ಇದೆ. ಕಾಯ್ದೆ ಹೇಳುವುದು ಕೊಟ್ಟವರ ಇಷ್ಟದ ಮೇಲೆ ರದ್ದು ಅಂತ. ಕೊಟ್ಟವರು ನೀವು. ನೀವು ಇರುವವರೆಗೆ ಅದು ಬಲವಾದ ಆಯುಧ. ನೀವು ಹೋದ ಮೇಲೆ ಅದೇ ಬಲ ನಿಮ್ಮ ಮನೆಯವರ ಕೈಗೆ ಹಾಗೇ ಬರುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಅದಕ್ಕೇ ಮನೆ ಮತ್ತು 3 ಎಕರೆ ಹೊರಗಿಡಿ ಅಂತ ನಾನು ಇಷ್ಟು ಒತ್ತಿ ಹೇಳುತ್ತಿರುವುದು. ಷರತ್ತು ಎರಡನೆಯ ರಕ್ಷಣೆ. ಮೊದಲನೆಯದು ಅವರ ಕಾಲಡಿಯ ನೆಲ.

ಕೆಲವರು ಪೂರ್ತಿ ಆಸ್ತಿ ಕೊಟ್ಟು, ಬದುಕಿರುವವರೆಗೆ ಅನುಭವಿಸುವ ಹಕ್ಕನ್ನು ತಮಗೂ ಹೆಂಡತಿಗೂ ಉಳಿಸಿಕೊಳ್ಳುತ್ತಾರೆ. ಇದಕ್ಕೆ ಜೀವಿತಾವಧಿ ಹಕ್ಕು ಎನ್ನುತ್ತೇವೆ. ಸ್ವಾಧೀನ ಬಿಟ್ಟುಕೊಡದಿದ್ದರೂ ನೋಂದಾಯಿತ ದಾನ ಊರ್ಜಿತ ಅಂತ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಳ್ಳೆಯ ದಾರಿಯೇ. ಆದರೆ ನಿಮ್ಮ ಮಗನಿಗೆ ಬೇಕಾದ್ದು ಸಾಲ. ಇನ್ನೊಬ್ಬರ ಜೀವಿತಾವಧಿ ಹಕ್ಕು ಇರುವ ಜಾಗವನ್ನು ಅಡಮಾನಕ್ಕೆ ತೆಗೆದುಕೊಳ್ಳಲು ಬ್ಯಾಂಕಿನವರು ಹಿಂಜರಿಯುತ್ತಾರೆ. ಹಾಗಾಗಿ 5 ಎಕರೆಗೆ ಇದು ಬೇಡ. ಪೋಷಣೆಯ ಷರತ್ತಿಗೂ ಕೆಲವು ಮ್ಯಾನೇಜರ್‌ಗಳು ಮುಖ ಸಿಂಡರಿಸಬಹುದು. ಪತ್ರದ ಕರಡು ಸಿದ್ಧವಾದ ಕೂಡಲೇ ನೋಂದಣಿಗೆ ಮೊದಲೇ ಮಗ ಅದನ್ನು ಬ್ಯಾಂಕಿಗೆ ತೋರಿಸಿ ಬರಲಿ. ಆಗುವುದಿಲ್ಲ ಅಂದರೆ ಇನ್ನೊಂದು ಬ್ಯಾಂಕ್ ನೋಡಲಿ, ಅಥವಾ ಸದ್ಯಕ್ಕೆ ದಾನ ಬಿಟ್ಟು ನೀವೂ ಅವನೂ ಸೇರಿ ಸಾಲ ತೆಗೆದುಕೊಳ್ಳಿ. ಸಾಲಕ್ಕಾಗಿ ಷರತ್ತು ಮಾತ್ರ ತೆಗೆಯಬೇಡಿ. ಅಂದ ಹಾಗೆ ಆ 5 ಎಕರೆಯ ಮೇಲೆ ಹಳೆಯ ಬೆಳೆ ಸಾಲ ಏನಾದರೂ ಇದೆಯಾ? ಪಹಣಿಯ ಋಣಗಳ ಕಲಂನಲ್ಲಿ ಅದು ಕೂತಿರುತ್ತದೆ. ತೀರಿಸಿದ್ದರೂ ಎಷ್ಟೋ ಸಲ ತೆಗೆಸಿರುವುದಿಲ್ಲ. ಮೊದಲು ಅದನ್ನು ತೆಗೆಸಿ.

ದಾನಪತ್ರ ಮಾಡುವ ಕ್ರಮ ಚಿಕ್ಕದು. ಬರಹದಲ್ಲಿರಬೇಕು, ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು, ನೋಂದಣಿ ಕಡ್ಡಾಯ. ಮಗ ಒಪ್ಪಿಕೊಂಡೆ ಅಂತ ಅದರಲ್ಲೇ ಸಹಿ ಮಾಡಬೇಕು, ಅದೂ ನೀವು ಬದುಕಿರುವಾಗಲೇ. ಆಮೇಲೆ ಖಾತೆ ಬದಲಾವಣೆ ಆಗಿ ಪಹಣಿಯಲ್ಲಿ ಅವನ ಹೆಸರು ಬಂತಾ ಅಂತ ನೋಡಬೇಕು. ಮಕ್ಕಳಿಗೆ ಕೊಡುವ ದಾನಕ್ಕೆ ಕರ್ನಾಟಕದಲ್ಲಿ ಜಾಗದ ಬೆಲೆಯ ಮೇಲೆ ಶೇಕಡಾ ಲೆಕ್ಕದ ಮುದ್ರಾಂಕ ಶುಲ್ಕ ಇಲ್ಲ, ನಿಗದಿತ ಸಣ್ಣ ಮೊತ್ತ ಅಷ್ಟೆ.

ತೆರಿಗೆಗೆ ಹೆದರಿ ಅವಸರ ಮಾಡುವುದೂ ಬೇಡ. ಸತ್ತವರ ಆಸ್ತಿಯ ಮೇಲಿನ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು. ದಾನ ತೆರಿಗೆ 1998ರಲ್ಲಿ ಹೋಯಿತು. ಅಪ್ಪನಿಂದ ಮಗನಿಗೆ ಬಂದ ದಾನವನ್ನು ಮಗನ ಆದಾಯ ಅಂತ ಲೆಕ್ಕ ಹಾಕುವುದಿಲ್ಲ. ಈಗ ಕೊಟ್ಟರೂ ಒಂದೇ, ವಿಲ್ ಮೂಲಕ ಕೊಟ್ಟರೂ ಒಂದೇ.

ಈಗ ವಿಲ್. ಅದರ ದೊಡ್ಡ ಗುಣ ಏನೆಂದರೆ ನೀವು ಬದುಕಿರುವವರೆಗೆ ಯಾವಾಗ ಬೇಕಾದರೂ ಬದಲಾಯಿಸಬಹುದು. ಕೊನೆಯದಾಗಿ ಬರೆದದ್ದೇ ನಿಲ್ಲುತ್ತದೆ. ನೋಂದಣಿ ಕಡ್ಡಾಯ ಅಲ್ಲ, ಆದರೆ ಮಾಡಿಸಿ. ಇಬ್ಬರು ಸಾಕ್ಷಿಗಳು ಬೇಕು. ನಿಮ್ಮ ವಯಸ್ಸಿನ ಗೆಳೆಯರನ್ನು ಸಾಕ್ಷಿ ಹಾಕಿಸಬೇಡಿ. ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. 40, 45ರ ವಯಸ್ಸಿನವರು, ಊರಿನಲ್ಲೇ ಇರುವವರು, ವಿಲ್‌ನಿಂದ ಏನೂ ಸಿಗದವರು ಇರಲಿ. ನಿಮ್ಮ ಡಾಕ್ಟರ್ ಹತ್ತಿರ ಅದೇ ವಾರ ಒಂದು ಪ್ರಮಾಣಪತ್ರ ತೆಗೆದುಕೊಳ್ಳಿ, ಮನಸ್ಸು ಸ್ಥಿಮಿತದಲ್ಲಿದೆ ಅಂತ. ಆಸ್ಪತ್ರೆಯ ಹಾಸಿಗೆಯಲ್ಲಿ ಹೆಬ್ಬೆಟ್ಟು ಒತ್ತಿಸಿದ ವಿಲ್‌ಗಳ ಕೇಸ್ ನಾನು ಸಾಕಷ್ಟು ನಡೆಸಿದ್ದೇನೆ. ನಿಮಗೆ ಈಗ ಕೈಯೂ ಗಟ್ಟಿ, ತಲೆಯೂ ಗಟ್ಟಿ. ಈಗಲೇ ಬರೆಯಿರಿ.

ಮನೆ ಮತ್ತು 3 ಎಕರೆ ಮೊದಲು ನಿಮ್ಮ ಮನೆಯವರಿಗೆ ಹೋಗಲಿ. ಪೂರ್ತಿ ಹಕ್ಕಿನಿಂದ ಕೊಡಬಹುದು, ಅಥವಾ ಅವರು ಇರುವವರೆಗೆ ಅನುಭವಿಸುವ ಹಕ್ಕು ಕೊಟ್ಟು ಆಮೇಲೆ ಯಾರಿಗೆ ಅಂತ ಬರೆಯಬಹುದು. ಪೂರ್ತಿ ಹಕ್ಕೇ ಕೊಡಿ ಅಂತ ನನ್ನ ಮನಸ್ಸು ಹೇಳುತ್ತದೆ. 40 ವರ್ಷ ನಿಮ್ಮ ಜೊತೆ ಬಾಳಿದವರಿಗೆ ಕಷ್ಟಕಾಲದಲ್ಲಿ ಅರ್ಧ ಎಕರೆ ಮಾರುವ ಸ್ವಾತಂತ್ರ್ಯವೂ ಇರಬೇಕು. ನೀವು ಗಡಿಯಲ್ಲಿದ್ದಾಗ ಮಕ್ಕಳನ್ನು ಬೆಳೆಸಿದವರು ಅವರು, ಅಲ್ವಾ? ಕೊನೆಗೆ ಯಾರಿಗೆ ಏನು ಅಂತ ತೀರ್ಮಾನಿಸುವ ಬುದ್ಧಿ ಅವರಿಗಿದೆ. ಅವರ ಕೈಯಿಂದಲೂ ಒಂದು ವಿಲ್ ಬರೆಸಿ.

ಬ್ಯಾಂಕಿನ ಠೇವಣಿಗೆ ನಾಮಿನಿ ಹಾಕಿದ್ದೇನೆ, ಸಾಕು ಅಂತ ಅಂದುಕೊಳ್ಳಬೇಡಿ. ನಾಮಿನಿ ಹಣ ತೆಗೆದುಕೊಳ್ಳುವವರು ಮಾತ್ರ. ಅದು ಯಾರಿಗೆ ಸೇರಬೇಕು ಎನ್ನುವುದನ್ನು ವಿಲ್ ಹೇಳಬೇಕು.

ಉಳಿದದ್ದು ದೊಡ್ಡ ಮಗ ಮತ್ತು ಮಗಳು. ಮಗಳಿಗೆ ಮದುವೆಯಲ್ಲಿ ಕೊಟ್ಟಾಯಿತು ಅಂತ ಪತ್ರದಲ್ಲಿ ನೀವು ಬರೆದಿಲ್ಲ. ಅದಕ್ಕೆ ನನಗೆ ಸಂತೋಷ. ತುಂಬ ಅಪ್ಪಂದಿರು ನನ್ನ ಮುಂದೆ ಕೂತು ಹೇಳುವ ಮೊದಲ ಮಾತೇ ಅದು. ಹೆಣ್ಣುಮಗಳಿಗೆ ಎಕರೆ ಲೆಕ್ಕಕ್ಕಿಂತ ತನ್ನನ್ನೂ ಎಣಿಸಿದ್ದಾರೆ ಎನ್ನುವುದು ದೊಡ್ಡದು. ಠೇವಣಿಯ ಹಣ, ಚಿನ್ನ, ಅಥವಾ ತಾಯಿಯ ನಂತರ ಆ 3 ಎಕರೆಯಲ್ಲಿ ಒಂದು ಪಾಲು, ಏನಾದರೂ ಅವಳ ಹೆಸರಿನಲ್ಲಿ ಇರಲಿ. 'ಸುಮ್ನೆ ಒಂದು ಸಹಿ' ಅಂತ ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಕೆಲಸ ಮಾತ್ರ ಮಾಡಬೇಡಿ. ಅವಳು ಮನಸಾರೆ ಬಿಟ್ಟುಕೊಡುವುದಾದರೆ ಏನು ಬಿಡುತ್ತಿದ್ದೇನೆ ಅಂತ ತಿಳಿದುಕೊಂಡೇ ಬಿಡಲಿ.

ದೊಡ್ಡ ಮಗನಿಗೆ ಈಗಾಗಲೇ ಏನಾದರೂ ಕೊಟ್ಟಿದ್ದೀರಾ? ಓದಿಗೆ ಸಾಲ, ಫ್ಲಾಟಿಗೆ ಮುಂಗಡ? ಅದನ್ನೂ ಮಗಳಿಗೆ ಕೊಟ್ಟದ್ದನ್ನೂ ತಾರೀಕು ಹಾಕಿ ಒಂದು ಹಾಳೆಯಲ್ಲಿ ಬರೆಯಿರಿ. ನಾನು ನೋಡಿದ ಅಣ್ಣತಮ್ಮಂದಿರ ಜಗಳಗಳಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಎಕರೆಯ ಲೆಕ್ಕ ಅಲ್ಲ, 20 ವರ್ಷದ ಹಿಂದೆ ಅಪ್ಪ ಯಾರಿಗೆ ಎಷ್ಟು ಕೊಟ್ಟರು ಎನ್ನುವುದು. ಬರೆದಿಟ್ಟಿದ್ದರೆ ಅರ್ಧ ಮಾತು ಅಲ್ಲೇ ಮುಗಿಯುತ್ತದೆ.

ನೆಂಟರು ಹೇಳಿದ ಹಾಗೆ, ಬದುಕಿರುವಾಗಲೇ ಹಂಚಿದರೆ ಜಗಳ ಆಗುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಗುಟ್ಟಾಗಿ ಹಂಚಿದರೆ ಬದುಕಿರುವಾಗಲೇ ಜಗಳ ಶುರುವಾಗುತ್ತದೆ. ಅಣ್ಣನಿಗೆ ವಿಷಯ ಗೊತ್ತಾಗುವುದು ಪಹಣಿ ತೆಗೆದಾಗ ಅಂತಾದರೆ, ನೀವು ಮಾಡಿದ್ದು ಎಷ್ಟೇ ನ್ಯಾಯವಾಗಿದ್ದರೂ ಅವನಿಗೆ ಅದು ಮೋಸದ ಹಾಗೆ ಕಾಣುತ್ತದೆ.

ನೀವು ಪತ್ರ ಬರೆದದ್ದು ಕಕ್ಕಡದಲ್ಲಿ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಮುಹೂರ್ತದ ಹಬ್ಬಕ್ಕೆ ಮಕ್ಕಳು ಊರಿಗೆ ಬರುತ್ತಾರೆ. ಅಷ್ಟರೊಳಗೆ ಮೂರು ಸರ್ವೆ ನಂಬರುಗಳ ಪಹಣಿ, ಕೊಂಡ 8 ಎಕರೆಯ ಕ್ರಯಪತ್ರ, ಇಸಿ (ಋಣಭಾರ ಪ್ರಮಾಣಪತ್ರ) ತೆಗೆದಿಟ್ಟುಕೊಳ್ಳಿ. ಹಬ್ಬದ ಊಟ ಆಗಲಿ. ಮಾರನೆಯ ದಿನ ಬೆಳಗ್ಗೆ ಮೂವರನ್ನೂ ಕೂರಿಸಿ. ಮೊದಲು ನಿಮ್ಮ ಮನೆಯವರು ಮಾತಾಡಲಿ. ತನಗೆ ಏನು ಬೇಕು, ಎಲ್ಲಿ ಇರಬೇಕು ಅಂತ ಅವರ ಬಾಯಿಂದಲೇ ಮಕ್ಕಳು ಕೇಳಲಿ. ಆಮೇಲೆ ನೀವು ನಿಮ್ಮ ಹಾಳೆ ತೆಗೆಯಿರಿ. ದೊಡ್ಡ ಮಗ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ, ಕಾರಣ ಹೇಳಿ. ಒಂದೆರಡು ತಿಂಗಳು ಕಾಯಿರಿ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಕಳೆದು, ಅರೇಬಿಕಾ ಕೊಯ್ಲು ಶುರುವಾಗುವ ಮೊದಲು ನೋಂದಣಿಗೆ ದಿನ ಇಟ್ಟುಕೊಳ್ಳಿ. ಆ ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ನಿಮ್ಮ ಮನೆಯವರೂ ಬರಲಿ, ಸಹಿ ಹಾಕುವ ಮೊದಲು ಆ ದಾನಪತ್ರವನ್ನು ಅವರೂ ಒಮ್ಮೆ ಪೂರ್ತಿ ಓದಲಿ.